ಪೆನ್ಸಿಲ್ ಕಡ್ಡಿಯಿಂದ ಟ್ರಾನ್ಸಿಸ್ಟರಿಗೆ
(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



"ಬೆಂಗಳೂರಿನಲ್ಲಿ ಏನು ಕೆಲಸ ಮಾಡ್ತೀಯಪ್ಪಾ?" ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಇವತ್ತು ಹೇಳಿಬಿಡುತ್ತೇನೆ. ಕೆಲವೇ ಪರಮಾಣುಗಳಷ್ಟು ದಪ್ಪದ ಪದರಗಳಿಂದ ಟ್ರಾನ್ಸಿಸ್ಟರ್ ಮಾಡುವುದು ನನ್ನ ಕೆಲಸ.

ಪೆನ್ಸಿಲ್ಲಿನ ಕಡ್ಡಿಯನ್ನು ನಾವು ಸೀಸ ಎನ್ನುತ್ತೇವೆ. ಅದು ಸೀಸವಲ್ಲ, ಜೇಡಿಮಣ್ಣು ಬೆರೆಸಿದ ಗ್ರಾಫೈಟ್. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಇಂಗಾಲದ ಸುಮಾರು 30 ಲಕ್ಷ ಪದರಗಳಿವೆ. ಅದರ ಒಂದೇ ಪದರಕ್ಕೆ ಗ್ರಾಫೀನ್ ಎಂದು ಹೆಸರು. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವರ ಬಳಗ ಸಾಧಾರಣ ಗಮ್ ಟೇಪಿನಿಂದ ಗ್ರಾಫೈಟನ್ನು ಮತ್ತೆ ಮತ್ತೆ ಸುಲಿದು ಈ ಪದರವನ್ನು ಬೇರ್ಪಡಿಸಿತು. 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇನ್ನು ಟ್ರಾನ್ಸಿಸ್ಟರ್. ಕೆರೆಯ ತೂಬನ್ನು ನೆನೆಸಿಕೊಳ್ಳಿ. ಇಲ್ಲಿ ನೀರಿನ ಬದಲು ಎಲೆಕ್ಟ್ರಾನು ಹರಿಯುತ್ತದೆ. ಒಂದು ತುದಿ ಸೋರ್ಸ್, ಇನ್ನೊಂದು ಡ್ರೈನ್, ನಡುವೆ ಕಾಲುವೆ. ಕಾಲುವೆಯ ಮೇಲೆ ತೆಳ್ಳನೆಯ ನಿರೋಧಕ, ಅದರ ಮೇಲೆ ಗೇಟ್. ಗೇಟು ಕಾಲುವೆಯನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಕೊಟ್ಟ ವೋಲ್ಟೇಜಿನ ವಿದ್ಯುತ್ ಕ್ಷೇತ್ರವೇ ಎಲೆಕ್ಟ್ರಾನುಗಳನ್ನು ಕಾಲುವೆಗೆ ಸೆಳೆಯುತ್ತದೆ, ಇಲ್ಲವೆ ಹೊರಗೆ ತಳ್ಳುತ್ತದೆ.

ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಗೇಟಿನ ಹಿಡಿತ ಸಡಿಲವಾಗುತ್ತದೆ. ಹಿಡಿತ ಉಳಿಯಬೇಕಾದರೆ ಕಾಲುವೆ ತೆಳುವಾಗಬೇಕು. ಸಿಲಿಕಾನನ್ನು ತೀರ ತೆಳುಮಾಡಿದರೆ ಅದರ ಒರಟು ಮೈಗೆ ಎಲೆಕ್ಟ್ರಾನುಗಳು ಎಡವುತ್ತವೆ. ಗ್ರಾಫೀನ್ ಹುಟ್ಟಿನಿಂದಲೇ ತೆಳು, ನುಣುಪು. ಅದರಲ್ಲಿ ಎಲೆಕ್ಟ್ರಾನುಗಳ ಓಟವೂ ಬಹಳ ಜೋರು.

ಆದರೆ ಗ್ರಾಫೀನಿನ ತೂಬು ಪೂರ್ತಿ ಮುಚ್ಚುವುದಿಲ್ಲ. ಸಿಲಿಕಾನಿನಲ್ಲಿ 1.1 ಎಲೆಕ್ಟ್ರಾನ್ ವೋಲ್ಟಿನ ಶಕ್ತಿಯ ಅಂತರವಿದೆ. ಪ್ರವಾಹವನ್ನು ನಿಲ್ಲಿಸಲು ಆಗುವುದು ಅದರಿಂದಲೇ. ಗ್ರಾಫೀನಿನಲ್ಲಿ ಆ ಅಂತರ ಸೊನ್ನೆ. ಪ್ರವಾಹ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಒಳ್ಳೆಯ ಮೊಬೈಲಿನ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಮೀರಿ ಟ್ರಾನ್ಸಿಸ್ಟರುಗಳಿರುತ್ತವೆ. ಎಲ್ಲವೂ ಹೀಗೆ ಸೋರಿದರೆ ಬ್ಯಾಟರಿ ಉಳಿಯುವುದೆಲ್ಲಿ?

ಹಾಗಾಗಿ ಬೇರೆ ಪದರಗಳ ಹುಡುಕಾಟ ನಡೆಯಿತು. ಗ್ಯಾರೇಜಿನ ಕೆಲವು ಕಪ್ಪು ಗ್ರೀಸುಗಳಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಇರುತ್ತದೆ. ಅದರ ಒಂದು ಪದರದಲ್ಲಿ ಶಕ್ತಿಯ ಅಂತರ ಸುಮಾರು 1.8. 2011ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅದರಿಂದ ಮಾಡಿದ ಟ್ರಾನ್ಸಿಸ್ಟರಿನ ಆನ್, ಆಫ್ ಪ್ರವಾಹಗಳ ನಡುವೆ ಸುಮಾರು ಹತ್ತು ಕೋಟಿ ಪಟ್ಟು ವ್ಯತ್ಯಾಸ ಕಂಡಿತು. ಆದರೆ ಇಲ್ಲಿ ಎಲೆಕ್ಟ್ರಾನುಗಳ ಓಟ ನಿಧಾನ. ಲೋಹ ಈ ಪದರಕ್ಕೆ ಕೂಡುವ ಜಾಗದಲ್ಲಿ ಪ್ರವಾಹಕ್ಕೆ ಅಡ್ಡಿಯೂ ಉಂಟು. ಆ ಅಡ್ಡಿಯನ್ನು ತಗ್ಗಿಸಲು ನಾವು ಹೆಣಗುತ್ತಿದ್ದೇವೆ.

ಮಕ್ಕಳೆ, ಕಾಗದದ ಮೇಲೆ ಮೃದುವಾದ ಪೆನ್ಸಿಲಿನಿಂದ ದಪ್ಪಗೆ ಗೆರೆ ಎಳೆಯಿರಿ. ಅದರ ಮೂಲಕ 9 ವೋಲ್ಟಿನ ಬ್ಯಾಟರಿಗೆ ಸಣ್ಣ ಎಲ್‌ಇಡಿ ಜೋಡಿಸಿ. ದೀಪ ಹೊತ್ತುತ್ತದೆ; ಗೆರೆ ಉದ್ದವಾದಷ್ಟೂ ಮಂಕಾಗುತ್ತದೆ. ಇದನ್ನು ಮಾಡಿ ನೋಡಲು ಶಾಲೆಯಲ್ಲಿ ಒಂದು ಮೇಜಾದರೂ ಬೇಕಲ್ಲ?

ಮಹೋತ್ಸವದ ನಿಧಿಯಲ್ಲಿ ಸ್ವಾಗತ ಕಮಾನು ಕಟ್ಟಿಸುವ ಮಾತು ಕೇಳಿದೆ. ಕಮಾನು ಬೇಡವೆನ್ನುವುದಿಲ್ಲ. ಮೊದಲು ಪ್ರಯೋಗಾಲಯವಾಗಲಿ ಎಂದು ಸಮಿತಿಯ ಹಿರಿಯರನ್ನು ಕೈಮುಗಿದು ಕೇಳುತ್ತೇನೆ. ಅದಕ್ಕೆ ನನ್ನ ಒಂದು ತಿಂಗಳ ಸಂಬಳ ಇಂದೇ ಒಪ್ಪಿಸುತ್ತಿದ್ದೇನೆ.