ಒಂಟೆಯೂ ಸೂಜಿಯ ಕಣ್ಣೂ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮ ಕಂಬದೂರಿನ ಕಡೆ ಮಳೆ ಹದವಾಗಿ ಬಂದು ಕಡಲೆಕಾಯಿ ಕೈಗೆ ಹತ್ತಿತೆಂದರೆ, ಆ ರೈತನ ಮೇಲೆ ದೇವರ ದಯೆಯಾಯಿತೆನ್ನುತ್ತೇವೆ. ಪಕ್ಕದವನ ಕೊಳವೆಬಾವಿ ಬತ್ತಿದರೆ, ಯಾವ ಜನ್ಮದ ಪಾಪವೋ ಎನ್ನುತ್ತೇವೆ. ಈ ನಂಬಿಕೆ ನಮ್ಮದು ಮಾತ್ರವಲ್ಲ. ಯೇಸುವಿನ ಶಿಷ್ಯರದೂ ಇದೇ ಆಗಿತ್ತು. ಆಜ್ಞೆಗಳನ್ನು ಪಾಲಿಸುವವರಿಗೆ ಬೆಳೆಯೂ ದನಕರುಗಳೂ ಸಮೃದ್ಧವಾಗುವುವೆಂದು ಅವರ ಪ್ರಾಚೀನ ಧರ್ಮಶಾಸ್ತ್ರವೇ ಹೇಳಿತ್ತಷ್ಟೆ.

ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಶ್ರೀಮಂತನೊಬ್ಬನು ಓಡಿಬಂದು ಮೊಣಕಾಲೂರಿ, ನಿತ್ಯಜೀವವನ್ನು ಪಡೆಯಲು ಏನು ಮಾಡಬೇಕೆಂದು ಕೇಳುತ್ತಾನೆ. ಬಾಲ್ಯದಿಂದಲೂ ಆಜ್ಞೆಗಳನ್ನು ಮೀರದವನು. ಯೇಸು ಅವನನ್ನು ಪ್ರೀತಿಯಿಂದ ನೋಡಿ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತನ್ನ ಹಿಂದೆ ಬರಲು ಹೇಳಿದನು. ಅವನು ಮುಖ ಬಾಡಿಸಿಕೊಂಡು ಹೊರಟುಹೋದನು. ಇಂಥವನು ದೇವರ ರಾಜ್ಯವನ್ನು ಸೇರುವುದಕ್ಕಿಂತ ಒಂಟೆಯು ಸೂಜಿಯ ಕಣ್ಣಿನಲ್ಲಿ ತೂರುವುದೇ ಸುಲಭವೆಂದು ಯೇಸು ನುಡಿದದ್ದು ಆಗ.

ಶಿಷ್ಯರಲ್ಲಿ ಹಲವರು ಬೆಸ್ತರು. ಬಡವರಾದ ಅವರು ಈ ಮಾತಿಗೆ ಹಿಗ್ಗಬಹುದಾಗಿತ್ತು. ಹಿಗ್ಗಲಿಲ್ಲ, ದಂಗಾದರು. ದೇವರು ಮೆಚ್ಚಿದವನೆಂದು ತೋರುವ ಇವನಿಗೇ ಬಾಗಿಲಿಲ್ಲವಾದರೆ ರಕ್ಷಣೆ ಇನ್ನಾರಿಗೆ ಎಂಬುದು ಅವರ ದಿಗಿಲು. ಮನುಷ್ಯರಿಗೆ ಆಗದುದು ದೇವರಿಂದ ಆದೀತೆಂಬ ಉತ್ತರ ದೊರೆಯಿತು. ಹಳೆಯ ಲೆಕ್ಕ ಮಾತ್ರ ಉಳಿಯಲಿಲ್ಲ.

ಯೆರೂಸಲೇಮಿನಲ್ಲಿ ‘ಸೂಜಿಯ ಕಣ್ಣು’ ಎಂಬ ಕಿರುಬಾಗಿಲಿತ್ತು, ಹೊರೆ ಇಳಿಸಿದರೆ ಒಂಟೆ ಮಂಡಿಯೂರಿ ತೂರುತ್ತಿತ್ತು ಎಂದು ಕೆಲವರು ಸಮಾಧಾನ ಹೇಳುವುದುಂಟು. ಅದಕ್ಕೆ ಆ ಕಾಲದ ಆಧಾರವಿಲ್ಲ. ಕಠಿಣವಾದ ಪಾಠವನ್ನು ಹೀಗೆ ಸಡಿಲಿಸುವ ಅಭ್ಯಾಸ ನಮ್ಮಂಥ ಉಪಾಧ್ಯಾಯರಿಗೂ ಇದೆಯೆನ್ನಿ!

ಬೈಬಲನ್ನು ಜಾನ್ ಹ್ಯಾಂಡ್ಸ್ ಪಾದ್ರಿಗಳು ಕನ್ನಡಕ್ಕೆ ತಂದುದು ಬಳ್ಳಾರಿಯಲ್ಲಿ. 1882ರವರೆಗೆ ನಮ್ಮ ಅನಂತಪುರವೂ ಆ ಜಿಲ್ಲೆಗೇ ಸೇರಿತ್ತು. ಆದರೆ ಈ ವಿಚಾರ ಕನ್ನಡಿಗರಿಗೆ ಅದಕ್ಕೂ ಮೊದಲೇ ಪರಿಚಿತ. 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನವರು, ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿದರು. ಹೆಚ್ಚಿಗೆ ದೊರೆತುದೆಲ್ಲ ಅನುಗ್ರಹವೆಂದು ಆ ತಾಯಿ ಎಣಿಸಲಿಲ್ಲ.

ಎಣಿಸಿದವನು ನಾನು. ಕಳೆದ ವರ್ಷದ ಉತ್ಸವದಲ್ಲಿ ದಾನಿಗಳಿಗೆಂದು ಮುಂದಿನ ಸಾಲಿನ ಕುರ್ಚಿಗಳಿಗೆ ಹೆಸರಿನ ಚೀಟಿ ಅಂಟಿಸಿದೆ. ಬಹುಮಾನ ಪಡೆದ ಹುಡುಗಿಯೊಬ್ಬಳ ತಂದೆ ಕೂಲಿ ಮುಗಿಸಿ ಬಂದು ಬಾಗಿಲ ಬಳಿ ನಿಂತೇ ಇದ್ದರು. ಮುಂದೆ ನಾಲ್ಕು ಕುರ್ಚಿ ಖಾಲಿಯಿದ್ದುವು, ನಾನು ಕರೆಯಲಿಲ್ಲ. ಚಿನ್ನದುಂಗುರದವನಿಗೆ ಒಳ್ಳೆಯ ಪೀಠವನ್ನೂ ಕೊಳಕುಬಟ್ಟೆಯ ಬಡವನಿಗೆ ನಿಲ್ಲುವ ಜಾಗವನ್ನೂ ತೋರಿಸಿದವರನ್ನು ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯ ಖಂಡಿಸುತ್ತದೆ. ಆಮೇಲೆ ಅದನ್ನು ಓದಿದಾಗ ನನ್ನನ್ನೇ ಕಂಡು ಬರೆದಂತಿತ್ತು.

ಈ ವರ್ಷ ಚೀಟಿ ಅಂಟಿಸಿಲ್ಲ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬಂದು ಕುಳಿತುಕೊಳ್ಳಬೇಕು. ಮಕ್ಕಳ ನಾಟಕ ಇನ್ನೇನು ಆರಂಭವಾಗಲಿದೆ.