ಅವ್ವಂದಿರು ಹೇಳದ ನೋವು

ಸೇಡಂ ಸೀಮೆಯ ಕೋಡ್ಲಾದ ಕಡೆ ತೊಗರಿ ಹೊಲದಲ್ಲಿ ಕಳೆ ತೆಗೆಯುವ ಮುಪ್ಪಿನ ಅವ್ವಂದಿರನ್ನು ನೀವು ನೋಡಿರಬಹುದು. ಮೊಳಕಾಲು ನೋವೆಂದಾರು, ಕಣ್ಣು ಮಂಜೆಂದಾರು. ಸೀರೆಗೆ ಕಲೆ ಹತ್ತಿದ್ದನ್ನು ಮಾತ್ರ ಹೆತ್ತ ಮಗಳಿಗೂ ಹೇಳರು. ಈ ಸಂಕೋಚದ ಮರೆಯಲ್ಲಿ ಬೆಳೆಯುವ ಅಪರೂಪದ ರೋಗವೊಂದುಂಟು.

ಕೋಶವೆಂದರೆ ಚೀಲ, ಭಂಡಾರ; ನಮ್ಮಂಥ ಪಂಡಿತರಿಗೆ ನಿಘಂಟೂ ಕೋಶವೇ. ಗರ್ಭಕೋಶವೆಂಬ ಚೀಲಕ್ಕೆ ಕೆಳಗೆ ಕಿರಿದಾದ ಕೊರಳಿದೆ. ಮುಟ್ಟು ನಿಂತು ವರ್ಷಗಳು ಕಳೆದಂತೆ ಆ ಕೊರಳು ಸೊರಗಿ ಬಿಗಿಯುತ್ತದೆ. ಕೆಲವರಲ್ಲಿ ಮುಚ್ಚಿಯೇ ಹೋಗುತ್ತದೆ. ಒಳಗಿನ ದ್ರವ ಹೊರಬರಲಾರದೆ ನಿಂತು, ಸೋಂಕು ತಗಲಿ ಕೀವಾಗುತ್ತದೆ. ವೈದ್ಯರು ಇದಕ್ಕೆ ಪಯೋಮೆಟ್ರಾ ಎನ್ನುತ್ತಾರೆ. ವಯಸ್ಸೊಂದೇ ಕಾರಣವಲ್ಲ. ಗರ್ಭಕೋಶದ ಇಲ್ಲವೆ ಅದರ ಕೊರಳಿನ ಕ್ಯಾನ್ಸರು, ಅದಕ್ಕೆ ಕೊಟ್ಟ ವಿಕಿರಣ ಚಿಕಿತ್ಸೆ, ಇವೂ ದಾರಿ ಕಟ್ಟುತ್ತವೆ. ಇನ್ನು ವಂಕಿಯ ಮಾತು. 1965ರಿಂದ ನಮ್ಮ ದೇಶದಲ್ಲಿ ಸಂತಾನ ನಿಯಂತ್ರಣಕ್ಕೆಂದು ವಂಕಿ ಹಾಕುವುದು ಮೊದಲಾಯಿತು. ಹಾಕಿಸಿಕೊಂಡವರಲ್ಲಿ ತೆಗೆಸುವುದನ್ನು ಮರೆತವರೂ ಉಂಟು. ಹಾಗೆ ಒಳಗೇ ಉಳಿದ ವಂಕಿ ಮುಪ್ಪಿನಲ್ಲಿ ಸೋಂಕಿಗೆ ಆಸರೆಯಾಗಬಹುದು.

ನಾರುವ ಹಳದಿ ಸ್ರಾವ, ಕೆಲವೊಮ್ಮೆ ರಕ್ತ, ಕಿಬ್ಬೊಟ್ಟೆಯ ನೋವು, ಜ್ವರ: ಇವು ಲಕ್ಷಣಗಳು. ಆದರೆ ಎಷ್ಟೋ ಮಂದಿಗೆ ಏನೂ ತೋರದು. ಸ್ರಾವ ತಾನಾಗಿ ನಿಂತಿತೆಂದು ನೆಮ್ಮದಿಪಡುವಂತೆಯೂ ಇಲ್ಲ. ದಾರಿ ಪೂರ್ತಿ ಕಟ್ಟಿರಬಹುದು. ತೀರ ವಿರಳವಾಗಿ, ತುಂಬಿದ ಗರ್ಭಕೋಶ ಒಡೆದು ಕೀವು ಹೊಟ್ಟೆಯೊಳಗೆಲ್ಲ ಹರಡುತ್ತದೆ. ಹೊಟ್ಟೆ ಹಲಗೆಯಂತೆ ಬಿಗಿದು ತಡೆಯಲಾರದ ನೋವು. ಕರುಳು ತೂತಾಗಿದೆಯೆಂದು ಕೊಯ್ದು ನೋಡಿದ ಶಸ್ತ್ರವೈದ್ಯರಿಗೆ ಒಡೆದ ಗರ್ಭಕೋಶ ಕಂಡ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವು ವರದಿಯಾಗಿವೆ. ಆ ಹೊತ್ತಿಗೆ ಪ್ರಾಣಕ್ಕೇ ಸಂಚಕಾರ. ಸಾಮಾನ್ಯವಾಗಿ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ.

ಮೊದಲೇ ತಿಳಿದರೆ ಇಷ್ಟು ದೂರ ಹೋಗದು. ಸ್ಕ್ಯಾನಿಂಗಿನಲ್ಲಿ ಒಳಗೆ ದ್ರವ ತುಂಬಿರುವುದು ಕಾಣುತ್ತದೆ. ಕೊರಳನ್ನು ಹಿಗ್ಗಿಸಿ ಕೀವು ಹೊರಬಿಟ್ಟು ಸೋಂಕಿಗೆ ಔಷಧಿ ಕೊಡುತ್ತಾರೆ. ಒಳಪೊರೆಯ ಚೂರನ್ನು ಪರೀಕ್ಷೆಗೆ ಕಳಿಸುತ್ತಾರೆ. ಕೀವು ಹೋಯಿತಲ್ಲ ಎಂದು ಆ ಪರೀಕ್ಷೆಯನ್ನು ಬಿಡಕೂಡದು. ಕ್ಯಾನ್ಸರು ಇದೆಯೋ ಇಲ್ಲವೋ ಗೊತ್ತಾಗುವುದು ಅದರಿಂದಲೇ.

ಮನೆಯ ಹಿರಿಯಳು ತನ್ನ ಬಟ್ಟೆಯನ್ನು ಬೇರೆಯಾಗಿ ಒಗೆದು ಮರೆಯಲ್ಲಿ ಒಣಗಹಾಕತೊಡಗಿದರೆ ಗಂಡಸರಿಗೆ ಅದು ಕಾಣದು. ಮೊಮ್ಮಗಳು ಮೆಲ್ಲಗೆ ಕೇಳಲಿ: “ಆಯಿ, ಏನರೆ ತ್ರಾಸ ಅದ ಏನು?” ಮುಟ್ಟು ನಿಂತು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಸೇಡಂ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ತೀರದ್ದಕ್ಕೆ ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಹೊರಡುವ ಮುನ್ನ, ಹಿಂದೆ ವಂಕಿ ಹಾಕಿಸಿದ್ದುಂಟೇ, ತೆಗೆಸಿದ್ದುಂಟೇ ಎಂದು ಮನೆಯಲ್ಲೇ ಕೇಳಿಕೊಳ್ಳಿರಿ. ನಾಲ್ಕು ಜನರ ಎದುರಿಗೆ ಆಯಿ ಅದಕ್ಕೆ ಉತ್ತರ ಕೊಡಲಾರಳು.