ಆಯ್ದಕ್ಕಿಯ ಅಳತೆ

(ಮಾಲೂರಿನಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಶ್ರೀಗಳವರು ಅಪ್ಪಣೆ ಕೊಡಿಸಿದ್ದು)



ಕೋಲಾರದಿಂದ, ಮುಳಬಾಗಿಲಿನಿಂದ, ಶ್ರೀನಿವಾಸಪುರದಿಂದ ಬಸ್ಸು ಹಿಡಿದು ಇಷ್ಟು ಜನ ಬಂದಿದ್ದೀರಿ. ಹೋದ ಗೋಷ್ಠಿಯಲ್ಲಿ ಕಾಯಕದ ವಿಚಾರ ಹೇಳಿದೆವು. ಇಂದು ದಾಸೋಹದ ವಿಚಾರ ಹೇಳುವುದೆಂದು ಗೊತ್ತು ಮಾಡಿದ್ದೆವು. ಆದರೆ ಈಚೆಗೆ ಮಠದಲ್ಲಿ ನಡೆದ ಒಂದು ಪ್ರಸಂಗ ನಮ್ಮ ಮನಸ್ಸನ್ನು ಬಿಡದೆ ಕಾಡುತ್ತಿದೆ. ಅದನ್ನೇ ನಿಮ್ಮ ಮುಂದೆ ಇಡುತ್ತೇವೆ.

ಒಂದು ದಿನ ಬೆಳಗಿನ ಪೂಜೆ ಮುಗಿಸಿ ಕುಳಿತಿದ್ದೆವು. ಮಠದ ಫೋನು ಬಾರಿಸಿತು. ಅತ್ತಲಿನ ದನಿ ಪರಿಚಯದ್ದಲ್ಲ. ಶ್ರೀನಿವಾಸಪುರದ ಕಡೆಯ ನಮ್ಮ ಭಕ್ತರೊಬ್ಬರ ಹೆಸರು ಹೇಳಿ, "ಇವನು ನಿಮಗೆ ಗೊತ್ತೇ?" ಎಂದು ಕೇಳಿತು. ಗೊತ್ತು ಎಂದೆವು. "ಅವನು ಕಳ್ಳ. ನಮ್ಮ ಹಣ ತಿಂದು ಕೂತಿದ್ದಾನೆ. ನೀವು ಕಟ್ಟಿಸುತ್ತೀರೋ, ಇಲ್ಲ ಊರಿಗೆಲ್ಲಾ ಸಾರೋಣವೋ?" ಎಂದಿತು. ಆ ಭಕ್ತರ ಮನೆತನವನ್ನು ನಾವು ಮೂರು ತಲೆಮಾರಿನಿಂದ ಬಲ್ಲೆವು. ಕಿವಿಯಲ್ಲಿ ಕಾದ ಎಣ್ಣೆ ಹೊಯ್ದಂತಾಯಿತು.

ಅದೇ ಸಂಜೆ ಆ ಭಕ್ತರೇ ಬಂದರು. ಬಂದವರು ತಲೆ ಎತ್ತಲಿಲ್ಲ. ಮಾವಿನ ತೋಟ ಹೂವಾಗಿತ್ತು, ಜಿಗಿಹುಳು ಬಿದ್ದಿತ್ತು, ಔಷಧಿ ಹೊಡೆಸಲು ಕೈಯಲ್ಲಿ ಹಣವಿರಲಿಲ್ಲ. ಬ್ಯಾಂಕಿಗೆ ಹೋದರೆ ತಿಂಗಳಾದೀತು. ಐದು ನಿಮಿಷದಲ್ಲಿ ಸಾಲ ಎಂದು ಮೊಬೈಲಿನಲ್ಲಿ ಕಂಡಿತು. ಹದಿನೈದು ಸಾವಿರ ಪಡೆದರು. ಕಟ್ಟುವ ದಿನ ತಪ್ಪಿ ಹತ್ತು ದಿನವಾಯಿತು. ಆ ಹತ್ತು ದಿನದಲ್ಲಿ ಅವರ ಫೋನಿನಲ್ಲಿದ್ದ ನಂಬರುಗಳಿಗೆಲ್ಲಾ ಕರೆ ಹೋಗಿತ್ತು. ತಂಗಿಯ ಮನೆಗೆ, ಔಷಧಿ ಅಂಗಡಿಗೆ, ಮಗಳ ಕಾಲೇಜಿನ ಮೇಷ್ಟ್ರಿಗೆ, ಮಠಕ್ಕೆ. ಎಲ್ಲಕ್ಕಿಂತ ಮಿಗಿಲಾಗಿ, ಮುಳಬಾಗಿಲಿನಲ್ಲಿದ್ದ ಬೀಗರಾಗಬೇಕಾದವರ ಮನೆಗೆ. ಮಗಳ ನಿಶ್ಚಿತಾರ್ಥಕ್ಕೆ ಎಂಟು ದಿನ ಉಳಿದಿತ್ತು.

"ಬುದ್ಧೀ, ಸಾಲ ಮಾಡಿದವನು ನಾನೊಬ್ಬ. ಮರ್ಯಾದೆ ಹೋದದ್ದು ಮನೆಮಂದಿಗೆಲ್ಲಾ" ಎಂದರು.

"ನಂಬರುಗಳನ್ನು ನೀವೇ ಕೊಟ್ಟಿರೇನಪ್ಪಾ?" ಎಂದು ಕೇಳಿದೆವು.

"ನಾನೆಲ್ಲಿ ಕೊಟ್ಟೆ ಬುದ್ಧೀ? ಅದು ಕೇಳಿತು, ನಾನು ಒತ್ತಿದೆ" ಎಂದರು.

ಅದು ಕೇಳಿತು, ನಾನು ಒತ್ತಿದೆ. ಬಂಧುಗಳೇ, ಈ ಸಭೆಯಲ್ಲಿ ಈ ಮಾತು ಹೇಳದೆ ಇರಬಲ್ಲವರು ಎಷ್ಟು ಮಂದಿ ಇದ್ದೀರಿ? ಈ ಮೊಬೈಲಿನ ವಿಚಾರ ಬಂದಾಗ ಜನ ಮೂರು ಮಾತು ಆಡುವುದನ್ನು ನಾವು ಕೇಳಿದ್ದೇವೆ. ಒಂದೊಂದನ್ನೇ ತೆಗೆದುಕೊಂಡು ವಿಚಾರ ಮಾಡೋಣ.

ಮೊದಲನೆಯದು ಹಿರಿಯರ ಮಾತು. "ಈ ಫೋನೇ ಅನಿಷ್ಟ, ಎತ್ತಿ ಬಾವಿಗೆ ಎಸೆಯಿರಿ" ಎನ್ನುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ. ನಮ್ಮ ಜಿಲ್ಲೆ ಯಂತ್ರಕ್ಕೆ ಹೆದರಿದ ಜಿಲ್ಲೆಯಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ನಮ್ಮ ಕೋಲಾರ ಚಿನ್ನದ ಗಣಿಗೆ. ಪಹಣಿಗಾಗಿ ರೈತ ಶಾನುಭೋಗರ ಮನೆ, ಆಮೇಲೆ ಗ್ರಾಮಲೆಕ್ಕಿಗರ ಮನೆ ಎಷ್ಟು ಸಲ ಅಲೆದಿಲ್ಲ? 'ಭೂಮಿ' ಯೋಜನೆ ಬಂದು ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ಆ ಅಲೆದಾಟ ಎಷ್ಟೋ ತಪ್ಪಿತು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸಿಗೆ ಇಂದು ಏನು ಬೆಲೆ ಎಂಬುದು ಬಿಡಿಸುವ ಮೊದಲೇ ತೋಟದಲ್ಲಿ ನಿಂತವನಿಗೆ ತಿಳಿಯುತ್ತದೆ. ನರಸಾಪುರದಲ್ಲಿ ವಿಸ್ಟ್ರಾನ್ ಕಂಪನಿಯವರು 2020ರಲ್ಲಿ ಐಫೋನು ಜೋಡಿಸುವ ಕೆಲಸ ಆರಂಭಿಸಿದರು. ಆ ಕಾರ್ಖಾನೆ ಈಗ ಟಾಟಾದವರ ಕೈಯಲ್ಲಿದೆ. ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿ ದುಡಿಯುತ್ತಾರೆ. ನಮ್ಮ ಮಕ್ಕಳ ಕಾಯಕದಿಂದ ಹುಟ್ಟಿದ ವಸ್ತುವನ್ನು ಅನಿಷ್ಟವೆಂದು ಹೇಗೆ ಹೇಳೋಣ? ಕತ್ತಿ ತರಕಾರಿಯನ್ನೂ ಹೆಚ್ಚುತ್ತದೆ, ಕೈಯನ್ನೂ ಕೊಯ್ಯುತ್ತದೆ. ಹಿಡಿಯುವುದನ್ನು ಕಲಿಯಬೇಕು.

ಎರಡನೆಯದು ತರುಣರ ಮಾತು. "ಎಲ್ಲಾ ಪುಕ್ಕಟೆ ಸಿಗುತ್ತದೆ ಬುದ್ಧೀ, ನಮ್ಮ ಗಂಟೇನು ಹೋಯಿತು?" ಎನ್ನುತ್ತಾರೆ. ಇದಕ್ಕೆ ಉತ್ತರವನ್ನು ಕೆ.ಜಿ.ಎಫ್.ನಲ್ಲಿ ನೋಡಬೇಕು. ಅಲ್ಲಿ ಚಿನ್ನವೇನು ಗಟ್ಟಿಗಟ್ಟಿಯಾಗಿ ಸಿಕ್ಕಿತೇ? ಸಿಕ್ಕಿದ್ದು ಕಲ್ಲು. ಕಡೆಕಡೆಯ ವರ್ಷಗಳಲ್ಲಿ ಒಂದು ಟನ್ನು ಕಲ್ಲನ್ನು ಅರೆದರೆ ಕೆಲವೇ ಗ್ರಾಂ ಚಿನ್ನ. ದಾರಿಹೋಕನಿಗೆ ಆ ಕಲ್ಲು ಬರಿಯ ಕಲ್ಲೇ. 1880ರಲ್ಲಿ ಬಂದ ಲಂಡನ್ನಿನ ಜಾನ್ ಟೇಲರ್ ಕಂಪನಿಯವರಿಗೆ ಮಾತ್ರ ಬೆಟ್ಟದಷ್ಟು ಕಲ್ಲು ಒಟ್ಟು ಮಾಡಿ ಅರೆಯುವ ವಿದ್ಯೆ ಗೊತ್ತಿತ್ತು. ಹಾಗೆಯೇ ನೀವು ಯಾವ ಅಂಗಡಿಗೆ ಹೋದಿರಿ, ಎಷ್ಟು ಹೊತ್ತಿಗೆ ಮಲಗಿದಿರಿ, ಯಾವ ಕಾಯಿಲೆಯ ವಿಚಾರ ಹುಡುಕಿದಿರಿ ಎಂಬುದು ನಿಮಗೆ ಕಲ್ಲಿನ ಚೂರು. ಕೋಟಿ ಜನರ ಚೂರುಗಳನ್ನು ಒಟ್ಟು ಮಾಡಿ ಅರೆಯುವವನಿಗೆ ಅದು ಚಿನ್ನ. ಯಾರಿಗೆ ಯಾವಾಗ ಹಣದ ಅಡಚಣೆ, ಯಾರಿಗೆ ಏನು ಆಸೆ ಎಂಬುದು ಅವನಿಗೆ ತಿಳಿಯುತ್ತದೆ. ತಿಳಿದ ಮೇಲೆ ಜಾಹೀರಾತು ತಾನಾಗಿ ನಿಮ್ಮ ಅಂಗೈಗೆ ಬರುತ್ತದೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ಹೋದವರ ಜೊತೆ ಹೋಯಿತು. ಅರೆದ ಮಣ್ಣಿನ ಸೈನೈಡ್ ದಿಬ್ಬಗಳು ಅಲ್ಲಿಯೇ ಉಳಿದವು. ಇಂದಿಗೂ ಗಾಳಿ ಬೀಸಿದಾಗ ಧೂಳು ಕುಡಿಯುವವರು ಅಲ್ಲಿಯ ನಿವಾಸಿಗಳೇ. ಪುಕ್ಕಟೆ ಎಂಬ ಮಾತು ಕೇಳಿದಾಗಲೆಲ್ಲಾ ಆ ದಿಬ್ಬಗಳನ್ನು ನೆನೆಯಿರಿ.

ಮೂರನೆಯ ಮಾತು ಸಜ್ಜನರದು. ಕೇಳಲು ಬಹಳ ಚೆನ್ನಾಗಿದೆ. "ನಾವೇನು ಕಳ್ಳತನ ಮಾಡಿದ್ದೇವೆಯೇ? ನಮ್ಮಲ್ಲಿ ಮುಚ್ಚಿಡುವಂಥದ್ದು ಏನಿದೆ?" ಎನ್ನುತ್ತಾರೆ. ಶರಣರ ದಾರಿಯಲ್ಲಿ ನಡೆಯುವವರು ಒಳಗೊಂದು ಹೊರಗೊಂದು ಇರಬಾರದು, ನಿಜ. ಆದರೆ ಕಪಟ ಬೇರೆ, ಗೋಪ್ಯ ಬೇರೆ. ಇನ್ನೊಬ್ಬರನ್ನು ವಂಚಿಸಲು ಮುಚ್ಚಿಡುವುದು ಕಪಟ. ತನ್ನ ಮತ್ತು ತನ್ನವರ ಮಾನ ಕಾಪಾಡಲು ಮುಚ್ಚಿಡುವುದು ಗೋಪ್ಯ. ಬಚ್ಚಲಮನೆಗೆ ಬಾಗಿಲು ಇಟ್ಟವರು ಕಳ್ಳರೇ? ನಿಮ್ಮ ಕೊರಳಿನ ಇಷ್ಟಲಿಂಗವನ್ನು ಕರಡಿಗೆಯಲ್ಲಿ ಇಟ್ಟಿದ್ದೀರಿ. ಪೂಜೆಯ ಹೊತ್ತಿನಲ್ಲಿ ನಿಮ್ಮ ಕೈಯಿಂದಲೇ ತೆರೆದು, ನಿಮ್ಮ ಅಂಗೈಯಲ್ಲಿ ಇಟ್ಟು ನೋಡುತ್ತೀರಿ. ಸಂತೆಯಲ್ಲಿ ಯಾರೋ ಬಂದು ಕರಡಿಗೆ ತೆರೆದು ತೋರಿಸು ಎಂದರೆ ತೋರಿಸುತ್ತೀರಾ? ಮುಚ್ಚಿದ್ದರಲ್ಲಿ ತಪ್ಪೇನೂ ಇಲ್ಲ. ತೆರೆಯುವ ಕೈ ನಿಮ್ಮದಾಗಿರಬೇಕು, ಅಷ್ಟೆ.

ಇದನ್ನೇ ನಮ್ಮ ನಾಡಿನ ಒಬ್ಬ ವೃದ್ಧರು ದೇಶಕ್ಕೆಲ್ಲಾ ಹೇಳಿಸಿದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ತಮಗಾಗಿ ಏನು ಬೇಕಿತ್ತು ಅವರಿಗೆ? 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಗೋಪ್ಯತೆ ಎಂಬುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಮರುವರ್ಷ, 2018ರ ಸೆಪ್ಟೆಂಬರಿನ ತೀರ್ಪಿನಲ್ಲಿ ಆಧಾರ್ ಉಳಿಯಿತು. ಆದರೆ ಬ್ಯಾಂಕಿನ ಖಾತೆಗೆ, ಫೋನಿನ ಸಿಮ್ಮಿಗೆ ಅದನ್ನು ಕಡ್ಡಾಯವಾಗಿ ಜೋಡಿಸಬೇಕೆಂಬುದು ನಿಲ್ಲಲಿಲ್ಲ. ಆ ಹಿರಿಯರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಆ ತೀರ್ಪು ಇಂದು ಬಡವ ಬಲ್ಲಿದರೆನ್ನದೆ ಎಲ್ಲರ ಮನೆಯ ಅಗುಳಿಯಾಗಿದೆ.

ಇನ್ನೊಂದು ಮಾತುಂಟು. ನಿಮ್ಮಲ್ಲಿ ಮುಚ್ಚಿಡುವಂಥದ್ದು ಇಲ್ಲದಿರಬಹುದು. ನಿಮ್ಮ ಫೋನಿನಲ್ಲಿರುವುದು ನಿಮ್ಮದೊಂದೇ ಅಲ್ಲವಲ್ಲ? ತಂಗಿಯ ನಂಬರು ತಂಗಿಯದು. ಮಠದ ನಂಬರು ಮಠದ್ದು. ಮಗಳ ಭಾವಚಿತ್ರ ಮಗಳದು. ನಂಬಿ ಕೊಟ್ಟದ್ದನ್ನು ಕೊಟ್ಟವರನ್ನು ಕೇಳದೆ ಮೂರನೆಯವನಿಗೆ ದಾಟಿಸುವುದಕ್ಕೆ ಏನೆನ್ನಬೇಕು? ಇಟ್ಟ ಒಡವೆಯನ್ನು ಬೇರೆಯವರಿಗೆ ಕೊಟ್ಟಂತೆ. ಆ ಭಕ್ತರಿಗೆ ಇಷ್ಟೇ ಹೇಳಿದೆವು. ಅವರ ಕಣ್ಣಲ್ಲಿ ನೀರು ಬಂತು.

ಹಾಗಾದರೆ ಅಳತೆ ಯಾವುದು? ಎಷ್ಟು ಕೊಡಬೇಕು, ಎಷ್ಟು ಪಡೆಯಬೇಕು? ಅದಕ್ಕೆ ಕಲ್ಯಾಣದಲ್ಲಿಯೇ ಉತ್ತರವಿದೆ. ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಕದ್ದದ್ದಲ್ಲ, ಚೆಲ್ಲಿದ್ದೇ. ಯಾರೂ ಬೇಡವೆನ್ನಲಿಲ್ಲ. ಆದರೂ ಮಡದಿ ಲಕ್ಕಮ್ಮನವರು ಒಪ್ಪಲಿಲ್ಲ. ಈ ದಿನದ ದಾಸೋಹಕ್ಕೆ ಬೇಕಾದದ್ದು ಇಷ್ಟೇ, ಉಳಿದದ್ದು ಏಕೆ ಎಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ಅಲ್ಲಿಗೇ ಸುರಿದು ಬರಲು ಕಳುಹಿಸಿದರು. ಸಿಕ್ಕುತ್ತದೆ ಎಂದು ಬಾಚಿಕೊಳ್ಳುವುದು ಬೇರೆ, ಬೇಕಾದಷ್ಟೇ ಪಡೆಯುವುದು ಬೇರೆ ಎಂಬುದನ್ನು ಆ ತಾಯಿ ಹನ್ನೆರಡನೆಯ ಶತಮಾನದಲ್ಲಿ ಕಂಡುಕೊಂಡಿದ್ದರು.

ನಮ್ಮ ಸಂಸತ್ತು 2023ರ ಆಗಸ್ಟಿನಲ್ಲಿ ಜನರ ವೈಯಕ್ತಿಕ ವಿವರಗಳ ರಕ್ಷಣೆಗೆ ಒಂದು ಕಾನೂನು ಮಾಡಿತು. ಅದರಲ್ಲಿ ಒಂದು ಉದಾಹರಣೆ ಇದೆ, ಕೇಳಿ. ವೈದ್ಯರ ಸಲಹೆ ಕೊಡುವ ಒಂದು ಆ್ಯಪು ರೋಗಿಯ ವಿವರದ ಜೊತೆಗೆ ಅವಳ ಫೋನಿನ ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ. ಆಕೆ ಎರಡಕ್ಕೂ ಆಗಲಿ ಎನ್ನುತ್ತಾಳೆ. ಚಿಕಿತ್ಸೆಗೆ ನಂಬರುಗಳ ಪಟ್ಟಿ ಏಕೆ ಬೇಕು? ಬೇಡ. ಆದ್ದರಿಂದ ಆಕೆಯ ಒಪ್ಪಿಗೆ ಚಿಕಿತ್ಸೆಗೆ ಬೇಕಾದಷ್ಟಕ್ಕೇ ಸಲ್ಲುತ್ತದೆ ಎನ್ನುತ್ತದೆ ಕಾನೂನು. ಲಕ್ಕಮ್ಮನವರ ಪ್ರಶ್ನೆಯೇ ಅಲ್ಲವೇ ಇದು? ಸಾಲದ ಆ್ಯಪುಗಳು ನಂಬರುಗಳ ಪಟ್ಟಿ, ಕರೆಗಳ ಲೆಕ್ಕ, ಚಿತ್ರಗಳ ಸಂಗ್ರಹ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿಯೇ ನಿಯಮ ಮಾಡಿದೆ. ನಿಯಮ ಮೀರುವ ಕಳ್ಳ ಆ್ಯಪುಗಳೂ ಇವೆ. ಬೇಲಿ ಹಾಕಿದ ಮಾತ್ರಕ್ಕೆ ಹೊಲ ಕಾಯುವುದು ತಪ್ಪುವುದಿಲ್ಲ.

ತಾಯಂದಿರೇ, ಈ ಕೆಲವು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಫೋನು ಏನನ್ನಾದರೂ ಕೇಳಿದಾಗ, "ಈ ಕೆಲಸಕ್ಕೆ ಇದು ಬೇಕೇ?" ಎಂದು ಒಂದು ಗಳಿಗೆ ತಡೆದು ಕೇಳಿರಿ. ಒ.ಟಿ.ಪಿ.ಯನ್ನು ಒಡಹುಟ್ಟಿದವನು ಎಂದು ಹೇಳಿಕೊಂಡು ಕೇಳಿದರೂ ಕೊಡಬೇಡಿ. ಪೊಲೀಸರು ಎಂದು ವಿಡಿಯೊದಲ್ಲಿ ಕಾಣಿಸಿಕೊಂಡು, "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎನ್ನುವವರು ವಂಚಕರು. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಜಮೀನು, ಮನೆ ನೋಂದಣಿಯ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಒ.ಟಿ.ಪಿ. ಇಲ್ಲದೆಯೇ ಆಧಾರ್ ಮೂಲಕ ಬ್ಯಾಂಕಿನಿಂದ ಹಣ ತೆಗೆದ ಪ್ರಕರಣಗಳು ಬಯಲಾದವು. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವಿದೆ. ಓದಿದ ಮಕ್ಕಳಿಂದ ಹಾಕಿಸಿರಿ. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿರಿ. ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಕೂತರೆ ಹಣವೂ ಹೋಗುತ್ತದೆ, ಜೀವವೂ ನೊಂದೀತು.

ನಿಮಗೆ ಇಷ್ಟು ಹೇಳಿ ನಾವು ಸುಮ್ಮನಿರಲಾಗದು. ಅಂದು ರಾತ್ರಿ ನಮ್ಮ ಮಠದ ಕಪಾಟನ್ನೇ ತೆರೆಸಿ ನೋಡಿದೆವು. ಹಾಸ್ಟೆಲಿನ ಮಕ್ಕಳ ಆಧಾರ್ ಪ್ರತಿಗಳು, ಎಂದೋ ಓದಿ ಹೋದವರದ್ದೂ ಸೇರಿ, ಬೀಗವಿಲ್ಲದೆ ರಾಶಿ ಬಿದ್ದಿದ್ದವು. ಕಾಣಿಕೆಯ ರಸೀದಿಗೆಂದು ಪಡೆದ ನಿಮ್ಮ ನಂಬರುಗಳ ಪಟ್ಟಿಯನ್ನು ಯಾರೋ ಒಬ್ಬರಿಗೆ ಜಾತ್ರೆಯ ಆಮಂತ್ರಣ ಕಳಿಸಲು ಕೊಟ್ಟಿದ್ದರಂತೆ. ಅವರು ಇನ್ನಾರಿಗೆ ಕೊಟ್ಟರೋ. ಲಿಂಗದೀಕ್ಷೆಯ ಮಕ್ಕಳ ಚಿತ್ರಗಳು ತಾಯ್ತಂದೆಯರನ್ನು ಕೇಳದೆ ವಾಟ್ಸಾಪಿನಲ್ಲಿ ಹರಿದಾಡಿದ್ದವು. ಭಕ್ತರಿಗೆ ಬುದ್ಧಿ ಹೇಳುವ ಮಠ ತಾನೇ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಬಾಚಿತ್ತು. ಬೇಡದ ಪ್ರತಿಗಳನ್ನೆಲ್ಲಾ ಮರುದಿನವೇ ನಮ್ಮ ಕಣ್ಣೆದುರಿಗೆ ಸುಡಿಸಿದೆವು. ಬೇಕಾದವನ್ನು ಬೀಗದೊಳಗೆ ಇಡಿಸಿದೆವು. ಇನ್ನು ಮೇಲೆ ಮಠದವರು ನಿಮ್ಮನ್ನು ಏನಾದರೂ ವಿವರ ಕೇಳಿದರೆ, "ಏಕೆ ಬೇಕು ಬುದ್ಧೀ?" ಎಂದು ನೀವು ಕೇಳಬೇಕು. ಅದು ಅವಿನಯವಲ್ಲ. ನಮ್ಮ ಅಪ್ಪಣೆ.

ಆ ಭಕ್ತರ ಕಥೆ ಏನಾಯಿತೆಂದು ನೀವು ಕಾದಿದ್ದೀರಿ. ಕರೆ ಬಂದ ನಾಲ್ಕನೆಯ ದಿನ ಮುಳಬಾಗಿಲಿನ ಬೀಗರು ತಾವೇ ಶ್ರೀನಿವಾಸಪುರದ ಬಸ್ಸು ಹತ್ತಿದರು. ಜಗಲಿಯ ಮೇಲೆ ಕುಳಿತು ಹೇಳಿದ್ದು ಒಂದೇ ಮಾತು. "ಬೀಗರೇ, ಬೆಳೆ ಇಡುವವನಿಗೆ ಸಾಲ ಇರುತ್ತದೆ. ನಮ್ಮ ಮನೆಯಲ್ಲೂ ಇದೆ. ಮನೆಯ ಗುಟ್ಟನ್ನು ಬೀದಿಗೆ ಎಳೆದವನಿಗೆ ನಾಚಿಕೆಯಾಗಬೇಕು. ನಿಮಗೇಕೆ?" ನಿಶ್ಚಿತಾರ್ಥ ಗೊತ್ತಾದ ದಿನವೇ ನಡೆಯಿತು. ಎಲ್ಲ ಮನೆಗೂ ಅಂಥ ಬೀಗರು ಸಿಕ್ಕುವುದಿಲ್ಲ. ಆದರೆ ಪಕ್ಕದ ಮನೆಯವರ ಗುಟ್ಟು ನಮ್ಮ ಕಿವಿಗೆ ಬಿದ್ದಾಗ ನಾವು ಅಂಥ ಬೀಗರಾಗಬಹುದು. ಬಂದ ಮಾತನ್ನು ಮುಂದಕ್ಕೆ ದಾಟಿಸದೆ ಅಲ್ಲಿಯೇ ನಿಲ್ಲಿಸಬಹುದು.

ನಮ್ಮ ಕಡೆ ಕೆರೆಗಳೇ ಜೀವ. ಕೆರೆಗೆ ತೂಬು ಉಂಟು, ತೂಬಿಗೆ ನೀರಗಂಟಿ ಉಂಟು. ಗದ್ದೆಗೆ ಬೇಕಾದಷ್ಟು ನೀರು ಬಿಟ್ಟು ಮತ್ತೆ ಮುಚ್ಚುವುದು ಅವನ ಕಾಯಕ. ಏರಿಯನ್ನೇ ಒಡೆದರೆ ಗದ್ದೆಯೂ ಉಳಿಯದು, ಕೆರೆಯೂ ಉಳಿಯದು. ನಿಮ್ಮ ಮನೆಯ ಮಾನಕ್ಕೆ ನೀವೇ ನೀರಗಂಟಿಗಳಾಗಿರಿ.

ಗುರು ಬಸವಾದಿ ಪ್ರಮಥರು ನಿಮ್ಮೆಲ್ಲರಿಗೂ ಲೇಸನ್ನುಂಟುಮಾಡಲಿ.